ಎತ್ತಬಾರದ ಮಾತು

ನನ್ನ ಹುದ್ದೆಯ ಹೆಸರನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ ಮನುಷ್ಯ ನವಲಗುಂದ ತಾಲೂಕಿನಲ್ಲಿ ನನಗೆ ಸಿಗಲಿಲ್ಲ. ಸರ್ಕಾರದ ಕಾಗದದಲ್ಲಿ ನಾನು ಪರಿವೀಕ್ಷಣಾಧಿಕಾರಿ. ಕೋರ್ಟಿನ ಕಾರಕೂನರ ಬಾಯಲ್ಲಿ ಪ್ರೊಬೇಷನ್ ಸಾಹೇಬ. ಹಳ್ಳಿಯ ಜನಕ್ಕೆ ಎರಡೂ ನಾಲಿಗೆಗೆ ಹತ್ತಲಿಲ್ಲ. ಕೊನೆಗೆ ಅವರೇ ಒಂದು ಹೆಸರಿಟ್ಟರು: ನಡತಿ ಸಾಹೇಬ. ಮಂದಿಯ ನಡತೆ ಹೇಗಿದೆ ಎಂದು ಕೇಳುತ್ತ ಊರೂರು ತಿರುಗುವವನು. ಆ ಹೆಸರು ನನಗೆ ಹಿಡಿಸಿತ್ತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಇಪ್ಪತ್ತೇಳು ವರ್ಷದವನನ್ನು ಕಂಡು ತಲೆ ನರೆತವರು ಎದ್ದು ನಿಂತರೆ ಯಾರಿಗೆ ಹಿಡಿಸುವುದಿಲ್ಲ?

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಮೊದಲ ಸಲ ಸಣ್ಣ ತಪ್ಪು ಮಾಡಿ ಸಿಕ್ಕವರನ್ನು ಜೈಲಿಗೆ ಕಳಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದು ಎಂದು ಕಾನೂನು ಹೇಳುತ್ತದೆ. ಬಿಡಬೇಕೋ ಬೇಡವೋ ಎಂದು ಕೋರ್ಟು ನನ್ನ ವರದಿ ಕೇಳುತ್ತಿತ್ತು. ಬಿಟ್ಟ ಮೇಲೆ ಹೇಳಿದಷ್ಟು ದಿನ ಅವರ ಮೇಲೆ ಕಣ್ಣಿಡುವುದೂ ನನ್ನದೇ ಕೆಲಸ. ತಿಂಗಳಿಗೊಮ್ಮೆ ಆ ಮನುಷ್ಯನನ್ನು ಕಾಣಬೇಕು, ನಾಲ್ಕು ಮಾತಾಡಬೇಕು, ಬರೆದುಕೊಳ್ಳಬೇಕು. ಅಷ್ಟೇ.

ನನಗೆ ಅಷ್ಟು ಸಾಲದೆನಿಸಿತು. ಓದಿಕೊಂಡು ಹೊಸದಾಗಿ ಬಂದವನು, ಕೆಲಸವನ್ನು ಕೆಲಸದ ಹಾಗೆ ಮಾಡಿದರೆ ಹೇಗೆ? ನನ್ನದೇ ಒಂದು ಪದ್ಧತಿ ಹಾಕಿಕೊಂಡೆ. ಊರಿಗೆ ಹೋದವನೇ ಚಾವಡಿಯಲ್ಲಿ ಕೂತು ಐವರು ಹಿರಿಯರನ್ನು ಕರೆಸುವುದು, ಮುಚ್ಚಳಿಕೆ ಬರೆದುಕೊಟ್ಟವರನ್ನೂ ಕರೆಸುವುದು, ಎಲ್ಲರೆದುರು ನಡತೆ ವಿಚಾರಿಸುವುದು, ಐವರ ಸಹಿ ಪಡೆಯುವುದು. ಒಬ್ಬರ ಮಾತು ಸುಳ್ಳಾಗಬಹುದು, ಐವರದು ಆಗಲಿಕ್ಕಿಲ್ಲ ಎಂಬ ಲೆಕ್ಕ. ಧಾರವಾಡದ ನನ್ನ ಮೇಲಧಿಕಾರಿ ಇದನ್ನು ಮೆಚ್ಚಿ ಉಳಿದವರಿಗೆ ತೋರಿಸಿದರು. ನಾನು ಇನ್ನಷ್ಟು ಉಬ್ಬಿದೆ. ನಾನು ಕಲಘಟಗಿಯ ಮಾಸ್ತರರ ಮಗ, ಹೊಲವನ್ನು ಬಸ್ಸಿನ ಕಿಟಕಿಯಿಂದ ನೋಡಿ ಬೆಳೆದವನು. ಎರೆ ಭೂಮಿಯ ಊರುಗಳಲ್ಲಿ ಯಾವ ಮಾತನ್ನು ಎಲ್ಲಿ ಆಡುತ್ತಾರೆ, ಎಲ್ಲಿ ಆಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಹಾಗೆ ನನ್ನ ನಿಗಾಕ್ಕೆ ಬಂದವರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಆಕೆಗೆ ಆಗ ನಲವತ್ತರ ಸುಮಾರು. ಯಮನೂರಿನಲ್ಲಿ ಬಸ್ಸಿಳಿದು ಒಂದು ಹರದಾರಿ ನಡೆದರೆ ಅವಳ ಊರು. ಊರ ಹೊರಗಿನ ಕೇರಿಯಲ್ಲಿ ಮನೆ, ಗೋಡೆಯ ಮೇಲೆ ಬುದ್ಧನ ಒಂದು ಪಟ. ಗಂಡ ಅಣ್ಣಿಗೇರಿಯ ಪೇಟೆಯಲ್ಲಿ ಹಮಾಲಿ ಮಾಡಿ ವಾರಕ್ಕೊಮ್ಮೆ ಬರುತ್ತಿದ್ದ. ಒಬ್ಬಳೇ ಮಗಳನ್ನು ಕುಂದಗೋಳದ ಕಡೆ ಕೊಟ್ಟಿದ್ದರು. ಕೂಲಿ ಮಾಡುವ ಹತ್ತಾರು ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬಳು, ಒಂದು ಸಂಗತಿ ಬಿಟ್ಟು. ಆ ಊರಲ್ಲಿ ಬಿತ್ತಲಿಕ್ಕೆ ಅವಳ ಕೈಯೇ ಬೇಕಾಗಿತ್ತು.

ಆ ಕಡೆ ಎತ್ತುಗಳು ಕೂರಿಗೆ ಎಳೆದರೆ ಅದರ ಹಿಂದೆ ಹೆಣ್ಣುಮಕ್ಕಳು ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಬಿಡುತ್ತ ನಡೆಯುತ್ತಾರೆ. ದಟ್ಟ ಬಿದ್ದರೆ ಬೆಳೆ ಸೊರಗುತ್ತದೆ, ವಿರಳ ಬಿದ್ದರೆ ಹೊಲ ಹಾಳು. ಕೂರಿಗೆಯ ಪೂಜೆಯಾದ ಮೇಲೆ ಮೊದಲ ಮುಷ್ಟಿ ಯಾರು ಹಾಕುತ್ತಾರೆ ಎಂಬುದಕ್ಕಂತೂ ಬಹಳ ಮಹತ್ವ. ಆರೇಳು ದೊಡ್ಡ ಹೊಲದವರು ಆಕೆ ಬರುವ ತನಕ ಎತ್ತು ಹೂಡದೆ ಕಾಯುತ್ತಿದ್ದರು. ಅವರ ಯಾರ ಮನೆಯ ಹೊಸ್ತಿಲನ್ನೂ ಆಕೆ ದಾಟುವಂತಿರಲಿಲ್ಲ, ಆದರೆ ಮೊದಲ ಮುಷ್ಟಿ ಆಕೆಯದೇ ಆಗಬೇಕು. ವರ್ಷವೆಲ್ಲ 'ಏ ಇಕಿನ' ಎಂದು ಕರೆಯುವವರು ಆ ದಿನ 'ಬಾರವ್ವ' ಎಂದು ಕರೆದು ಕುಪ್ಪಸದ ಖಣ ಕೊಡುತ್ತಿದ್ದರು. ಬಡವಿಯಾಗಿ ಹುಟ್ಟಿದ ಹೆಣ್ಣುಮಗಳಿಗೆ ಊರು ಕೊಟ್ಟಿದ್ದ ಮಾನ ಅದೊಂದೇ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆಕೆ ಮಾಡಿದ ತಪ್ಪು ಇಷ್ಟು. ಊರಿನ ಸಾವಕಾರರೊಬ್ಬರ ಹೊಲದಲ್ಲಿ ಹತ್ತಿ ಬಿಡಿಸುವಾಗ ಉಡಿಯಲ್ಲಿ ಮೂರು ಸೇರಿನಷ್ಟು ಹತ್ತಿ ಒಳಗಿಟ್ಟುಕೊಂಡಿದ್ದಳು. ಮಗಳ ಬಾಣಂತನಕ್ಕೆ ಗಾದಿ ಮಾಡಬೇಕಾಗಿತ್ತು. ಹತ್ತಿ ಬಿಡಿಸುವವರು ಮುಷ್ಟಿ ಎರಡು ಮುಷ್ಟಿ ಒಯ್ಯುವುದು ಎಲ್ಲ ಸಾವಕಾರರಿಗೂ ಗೊತ್ತಿದ್ದದ್ದೇ, ಕಂಡೂ ಕಾಣದಂತೆ ಇರುತ್ತಿದ್ದರು. ಆ ವರ್ಷ ಯಾಕೋ ಈ ಸಾವಕಾರರಿಗೆ ಸಿಟ್ಟು ನೆತ್ತಿಗೇರಿತ್ತು. ಪೊಲೀಸರನ್ನು ಕರೆಸಿ ಪಂಚನಾಮೆ ಮಾಡಿಸಿಬಿಟ್ಟರು. ಸಿಟ್ಟಿಳಿದ ಮೇಲೆ ಅವರೂ ಪಶ್ಚಾತ್ತಾಪಪಟ್ಟರಂತೆ, ಆದರೆ ಕೋರ್ಟಿನ ಮೆಟ್ಟಿಲು ಹತ್ತಿದ ಕಾಗದ ಸಾವಕಾರನ ಮಾತು ಕೇಳಿ ಇಳಿಯುವುದಿಲ್ಲ. ಮೊಹರು ಹಾಕಿದ ಹತ್ತಿಯ ಗಂಟು ಒಂದು ವರ್ಷ ಕೋರ್ಟಿನ ಕಪಾಟಿನಲ್ಲಿದ್ದು ಹಳದಿಯಾಗಿ, ಇಲಿ ಕಡಿದು, ಕೊನೆಗೆ ಮೇಜಿನ ಮೇಲೆ ಬಂತು. ಆಕೆ ತಪ್ಪು ಒಪ್ಪಿಕೊಂಡಳು.

ನಾನು ಉದ್ದನೆಯ ವರದಿ ಬರೆದೆ. ಮ್ಯಾಜಿಸ್ಟ್ರೇಟರು ತೆಳ್ಳಗಿನ, ಉಬ್ಬಸದ ಮನುಷ್ಯ. ಅದನ್ನು ಓದಿ ಆಕೆಯನ್ನು ಎರಡು ವರ್ಷದ ಮುಚ್ಚಳಿಕೆಯ ಮೇಲೆ, ನನ್ನ ನಿಗಾದಲ್ಲಿ ಬಿಟ್ಟರು. ಕಟಕಟೆಯಲ್ಲಿ ನಿಂತ ಆಕೆಗೆ ಏನಾಯಿತೆಂದು ತಿಳಿಯಲಿಲ್ಲ. ಎಷ್ಟು ದಿನ ಒಳಗಿರಬೇಕು ಎಂದು ನನ್ನನ್ನೇ ಕೇಳಿದಳು. ಇರಬೇಕಾಗಿಲ್ಲ, ಮನೆಗೆ ಹೋಗಬಹುದು, ನಾನು ತಿಂಗಳಿಗೊಮ್ಮೆ ಬಂದು ನೋಡುತ್ತೇನೆ ಎಂದು ತಿಳಿಸಿ ಹೇಳಿದೆ. ಆಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಹಂಗಾದ್ರ ಇದು ಯಾವಾಗ ಮುಗೀತೈತ್ರಿ?" ಎಂದಳು.

ಕಾರಕೂನರು ನಕ್ಕರು. ನಾನೂ ನಕ್ಕೆ. ಎರಡು ವರ್ಷ ಇಂದು ನಾಳೆ ಎನ್ನುವುದರಲ್ಲಿ ಕಳೆಯುತ್ತದೆ ಎಂದೆ. ಆಗ ಫೆಬ್ರುವರಿ ತಿಂಗಳು.

ಮುಂದಿನ ತಿಂಗಳಿಂದ ನನ್ನ ಭೇಟಿಗಳು ಶುರುವಾದವು. ನಾನು ಚಾವಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದಂತೆ ಊರ ವಾಲೀಕಾರ ಕೇರಿಯ ಕಡೆ ಹೋಗಿ, ನಡತಿ ಸಾಹೇಬರು ಬಂದಿದ್ದಾರೆ ಬಾ ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ. ಆಕೆ ಸೆರಗು ಹೊದ್ದು ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದಳು. ಐವರು ಹಿರಿಯರು ಬರುತ್ತಿದ್ದರು. ಅವರಲ್ಲಿ ಫಿರ್ಯಾದಿ ಕೊಟ್ಟ ಸಾವಕಾರರೂ ಒಬ್ಬರು. ಅದು ನನ್ನದೇ ಜಾಣತನ: ಫಿರ್ಯಾದಿದಾರನೇ ಒಳ್ಳೆಯ ಮಾತು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪುರಾವೆ ಯಾವುದು? ಈ ಹೆಣ್ಣುಮಗಳ ನಡತೆ ಹೇಗಿದೆ, ಮತ್ತೆ ಕಳ್ಳತನದ ಗೋಜಿಗೆ ಹೋಗಿಲ್ಲ ತಾನೆ ಎಂದು ನಾನು ಗಟ್ಟಿಯಾಗಿ ಕೇಳುತ್ತಿದ್ದೆ. ಐವರೂ ನೆಲ ನೋಡುತ್ತಿದ್ದರು. ಹಣೆ ತುಂಬ ವಿಭೂತಿ ಧರಿಸಿದ ಎಪ್ಪತ್ತರ ಹಿರಿಯರೊಬ್ಬರು ಕೊನೆಗೆ, ಏನೂ ಇಲ್ಲ ಎಂದು ಅರ್ಧ ಬಾಯಲ್ಲಿ ಹೇಳಿ ಮೊದಲ ಸಹಿ ಹಾಕುತ್ತಿದ್ದರು. ಉಳಿದವರು ಅವರ ಹಿಂದೆ. ಆಕೆಯ ಹೆಬ್ಬೆಟ್ಟು ಕೆಳಗೆ. ಗ್ರಾಮಸ್ಥರಿಂದ ಯಾವ ದೂರೂ ಇಲ್ಲ ಎಂದು ನಾನು ಬರೆದುಕೊಳ್ಳುತ್ತಿದ್ದೆ. ಊರಿನ ಜನ ಇಷ್ಟು ಸಂಕೋಚದವರು ಎಂದು ಒಳಗೊಳಗೇ ಮೆಚ್ಚಿಕೊಳ್ಳುತ್ತಿದ್ದೆ ಕೂಡ.

ಜೂನ್ ತಿಂಗಳು ಹೋದಾಗ ಮಿರಗದ ಮಳೆ ಬಿದ್ದಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತುವುದೇ ಕಷ್ಟ. ಊರಲ್ಲಿ ನರಪಿಳ್ಳೆ ಇಲ್ಲ, ಎಲ್ಲರೂ ಹೆಸರುಕಾಳು ಬಿತ್ತಲು ಹೊಲಕ್ಕೆ ಹೋಗಿದ್ದರು. ಐವರನ್ನು ಕೂಡಿಸುವಷ್ಟರಲ್ಲಿ ವಾಲೀಕಾರನಿಗೆ ಸಾಕುಸಾಕಾಯಿತು. ಆಕೆಯೊಬ್ಬಳು ಮಾತ್ರ ಮನೆಯಲ್ಲಿದ್ದಳು. ಖಾಲಿ ಕೇರಿಯಲ್ಲಿ ಕಟ್ಟೆಯ ಮೇಲೆ ಕೂತು ಹರಿದ ಕೌದಿಗೆ ತೇಪೆ ಹಚ್ಚುತ್ತಿದ್ದಳು. ಆರಾಮ ಇದ್ದೀಯಲ್ಲವ್ವ ಎಂದು ಕೇಳಿದೆ. ಹೂಂ ಎಂದಳು. 'ಮನೆಯಲ್ಲಿಯೇ ಇದ್ದು ಗೃಹಕೃತ್ಯದಲ್ಲಿ ತೊಡಗಿರುತ್ತಾಳೆ. ಪ್ರಗತಿ ತೃಪ್ತಿಕರ.' ಇದು ಆ ತಿಂಗಳ ನನ್ನ ವರದಿ. ಊರಿಗೆ ಊರೇ ಬಿತ್ತುವ ದಿನ ಒಬ್ಬ ಕೂಲಿಯ ಹೆಂಗಸು ಮನೆಯಲ್ಲಿ ಏಕೆ ಕೂತಿದ್ದಾಳೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಆ ವಾಕ್ಯವನ್ನು ಬರೆದ ಕೈಗೆ ಬರೆ ಎಳೆಯಬೇಕು ಎಂದು ಎಷ್ಟೋ ಸಲ ಅನಿಸಿದೆ.

ಹಿಂಗಾರಿ ಬಿತ್ತಿಗೆಯೂ ಹಾಗೇ ಕಳೆಯಿತು. ಅಕ್ಟೋಬರಿನ ಒಂದು ಮಧ್ಯಾಹ್ನ ಆಕೆ ನಡೆದುಕೊಂಡೇ ನವಲಗುಂದಕ್ಕೆ ಬಂದಳು. ನಾನು ಕೋರ್ಟಿನ ಹಿಂದಿನ ನನ್ನ ಸಣ್ಣ ಕೋಣೆಯಲ್ಲಿ ಬುತ್ತಿ ಉಂಡು ಕೈ ತೊಳೆಯುತ್ತಿದ್ದೆ. ಬಾಗಿಲ ಹೊರಗೇ ನಿಂತು, ಪೀಠಿಕೆಯಿಲ್ಲದೆ ಹೇಳಿದಳು.

"ಸಾಹೇಬ್ರ, ನನ್ನ ಒಳಗ ಹಾಕ್ರಿ."

ಮನೆಯಲ್ಲಿ ಗಂಡನ ಜೊತೆ ಜಗಳವಾಗಿರಬೇಕು ಎಂದುಕೊಂಡೆ. ಜೈಲು ಎಂದರೆ ಏನೆಂದು ಗೊತ್ತಿದೆಯೇನು ಎಂದು ಗದರಿಸಿದೆ.

"ಗೊತ್ತಿಲ್ರಿ. ಅಲ್ಲಿಂದ ಬಂದಾರನ್ನ ನೋಡೇನ್ರಿ. ಒಳಗ ಹೋಗಿ ಬಂದ್ರು, ಅವರದು ಮುಗೀತು. ನಂದು ಮುಗೀವಲ್ದು."

ಏನು ಮುಗಿಯುತ್ತಿಲ್ಲ ಎಂದು ಕೇಳಿದೆ. ಹೇಳಲಿಲ್ಲ. ನೀವು ಊರಿಗೆ ಬರುವುದನ್ನು ಬಿಡಿ ಎಂದರೆ ಬಿಡುತ್ತೀರಾ ಎಂದು ಕೇಳಿದಳು. ನನಗೆ ರೇಗಿತು. ಆಕೆಯನ್ನು ಜೈಲಿನಿಂದ ಉಳಿಸಿದವನು ನಾನು, ಬಿಸಿಲು ಮಳೆಯೆನ್ನದೆ ನಡೆದು ಬರುವವನು ನಾನು, ನನ್ನನ್ನೇ ಬರಬೇಡ ಎನ್ನುತ್ತಾಳಲ್ಲ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಜೈಲಿಗೆ ಹೋದರೆ ಮಾನ ಹೋಗುತ್ತದೆ ಎಂದು ಆಕೆಗೇ ಗಾದೆ ಒಪ್ಪಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಕೈ ಮುಗಿದಳು. ಬಂದ ದಾರಿಯಲ್ಲೇ ನಡೆದು ಹೋದಳು. ನನ್ನ ರಿಜಿಸ್ಟರಿನಲ್ಲಿ ಅಲ್ಲಿಯವರೆಗೆ ಮುಚ್ಚಳಿಕೆ ಮುರಿದವರು ಒಬ್ಬರೂ ಇರಲಿಲ್ಲ, ಇವಳಿಂದ ಅದು ಕೆಡಬಾರದು ಎಂದು ಮುಂದಿನ ತಿಂಗಳು ಐವರ ಬದಲು ಏಳು ಜನರನ್ನು ಕರೆಸಿದೆ.

ನನ್ನ ಕಣ್ಣು ತೆರೆಸಿದವರು ಆ ವಿಭೂತಿಯ ಹಿರಿಯರು. ಮರುವರ್ಷದ ಫೆಬ್ರುವರಿಯಲ್ಲಿ, ಭೇಟಿ ಮುಗಿಸಿ ನಾನು ಹೊರಟಾಗ ಅವರು ತಮ್ಮ ಚಕ್ಕಡಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಸಂತೆಗೆ ಹೋಗಬೇಕಾಗಿದೆ ಎಂದರು. ಅದು ಸಂತೆಯ ದಿನವಲ್ಲ. ಊರಿನ ಸೀಮೆಯ ಕಲ್ಲು ದಾಟಿದ ಮೇಲೆ ಹಿಂದಿರುಗಿ ಒಮ್ಮೆ ನೋಡಿದರು.

"ನಮ್ಮ ಸೀಮಿ ಮುಗೀತ್ರಿ. ಈಗ ಹೇಳಬಹುದು," ಎಂದರು.

ಅವರು ಹೇಳಿದ್ದು ಹೀಗಿತ್ತು. ಕೋರ್ಟು ಬಿಟ್ಟು ಕಳಿಸಿದ ಐದನೆಯ ದಿನವೇ ಆಕೆ ಊರ ಗುಡಿಯ ಮುಂದೆ ತಪ್ಪುಕಾಣಿಕೆ ಇಟ್ಟಿದ್ದಳು. ಕಾಯಿ, ಎಲೆ, ಬೆಲ್ಲ. ಸಾವಕಾರರೂ ಬಂದಿದ್ದರು. ಈ ಹಿರಿಯರೇ ಬೆಲ್ಲ ಹಂಚಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡರೆ ಅಲ್ಲಿಗೆ ಆ ಮಾತು ಸತ್ತ ಹಾಗೆ. ಆಮೇಲೆ ಊರ ಸೀಮೆಯೊಳಗೆ ಯಾರೂ ಅದನ್ನು ಎತ್ತಬಾರದು. ಎತ್ತಿದರೆ ಎತ್ತಿದವನೇ ಕಾಣಿಕೆ ಇಡಬೇಕು, ಮಾತು ಮತ್ತೆ ಜೀವಂತವಾಗುತ್ತದೆ. ಮಾತು ಜೀವಂತ ಇರುವ ತನಕ ಆ ಮನುಷ್ಯನ ಕೈಗೆ ಬೀಜ ಕೊಡುವಂತಿಲ್ಲ. ಆಕೆಯನ್ನು ಆ ಮಿರಗಕ್ಕೇ ಬಿತ್ತಲು ಕರೆಯಬೇಕೆಂದು ಸಾವಕಾರರ ಸಮೇತ ಎಲ್ಲರೂ ಒಪ್ಪಿಯಾಗಿತ್ತು. ಆದರೆ ತಿಂಗಳು ತಿಂಗಳಿಗೆ ನಾನು ಬರುತ್ತಿದ್ದೆ. ಗುಡಿಯ ಎದುರಿನ ಚಾವಡಿಯಲ್ಲೇ ಕೂತು, ಬೆಲ್ಲ ತಿಂದ ಅದೇ ಐವರನ್ನು ಕರೆಸಿ, ಕಳ್ಳತನ ಎಂಬ ಮಾತನ್ನು ಗಟ್ಟಿಯಾಗಿ ಎತ್ತುತ್ತಿದ್ದೆ.

ಹನ್ನೆರಡು ತಿಂಗಳು ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಬೇಕಂದ್ರ ಆ ಮಾತು ಎತ್ತಬೇಕಲ್ರಿ, ಸಾಹೇಬ್ರ. ನಾವು ಎತ್ತಾಂಗಿಲ್ಲ. ನೀವು ಎತ್ತತೀರಿ, ಆದ್ರ ನೀವು ಊರವರಲ್ಲ. ನಿಮಗ ಕಾಣಿಕಿ ಇಡ್ರಿ ಅಂತ ಯಾರು ಹೇಳಬೇಕು? ಮಂದಿ ಬಾಯಾಗ ಇರೂ ಕೈಯಾಗ ಬೀಜಾ ಹೆಂಗ ಹಿಡಸೂದ್ರಿ?"

ಯಮನೂರಿನಲ್ಲಿ ನನ್ನನ್ನು ಇಳಿಸಿ ಅವರು ಅದೇ ಚಕ್ಕಡಿಯಲ್ಲಿ ತಿರುಗಿ ಹೋದರು. ನನಗೆ ಇದನ್ನು ಹೇಳಲಿಕ್ಕೆಂದೇ ಬಂದಿದ್ದರು. ಅಲ್ಲಿಯ ದರ್ಗಾಕ್ಕೆ ಬಂದ ಜನರ ನಡುವೆ ಬಸ್ಸಿಗೆ ಕಾಯುತ್ತ ನಿಂತಾಗ ಅಳು ಬಂದ ಹಾಗಾಯಿತು. ಅಳಲಿಲ್ಲ. ಸಿಟ್ಟೂ ಬಂತು. ಇಂಥ ಕಟ್ಟಳೆ ಇಟ್ಟುಕೊಂಡ ಊರಿನ ಮೇಲೆ, ನನಗಿದನ್ನು ಕಲಿಸದ ಪುಸ್ತಕಗಳ ಮೇಲೆ, ಬಾಗಿಲ ಹೊರಗೆ ನಿಂತು ಬಾಯಿಬಿಡದೆ ಹೋದ ಆಕೆಯ ಮೇಲೆ ಕೂಡ. ಎಲ್ಲರ ಮೇಲೂ ಬಂದ ಸಿಟ್ಟು ನನ್ನ ಮೇಲೆ ಬರಲು ಸ್ವಲ್ಪ ಸಮಯ ಹಿಡಿಯಿತು.

ಕಾನೂನಿನಲ್ಲಿ ದಾರಿ ಇತ್ತು. ಇನ್ನು ನಿಗಾ ಬೇಕಾಗಿಲ್ಲ ಎಂದು ನಾನು ಅರ್ಜಿ ಕೊಟ್ಟರೆ ಕೋರ್ಟು ಅವಧಿಗೆ ಮೊದಲೇ ಮುಚ್ಚಳಿಕೆ ರದ್ದು ಮಾಡಬಹುದಿತ್ತು. ಮರುದಿನವೇ ಕೊಡಬಹುದಿತ್ತು. ಕೊಡಲಿಲ್ಲ. ಮಾರ್ಚ್ ತಿಂಗಳಿಗೆ ವರ್ಷದ ವರದಿ ಹೋಗಬೇಕು, ನನ್ನ ಹತ್ತಿರ ಇದ್ದ ಪ್ರಕರಣಗಳೇ ಕಡಿಮೆ, ಇದೊಂದು ಕಳೆದರೆ ಮೇಲಿನವರು ಏನೆನ್ನುತ್ತಾರೋ. ಮಾರ್ಚ್ ಒಂದು ಮುಗಿಯಲಿ ಎಂದುಕೊಂಡೆ. ಬಿತ್ತಿಗೆ ಹೇಗೂ ಜೂನಿಗೆ ಅಲ್ಲವೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮನೆಯಾಕೆಗೂ. ಭೇಟಿಯನ್ನು ನಿಲ್ಲಿಸಿದೆ, ಅದು ಮಾತ್ರ ನಿಜ. ಮುಂದಿನ ಮೂರು ತಿಂಗಳ ವರದಿಯನ್ನು ಹೋಗದೆಯೇ ಬರೆದೆ.

ಏಪ್ರಿಲ್ ಎರಡನೆಯ ವಾರ ಅರ್ಜಿ ಹಾಕಿದೆ. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರು ಉಬ್ಬಸ ಹೆಚ್ಚಾಗಿ ರಜೆ ಹಾಕಿದರು. ಹಿಂದೆಯೇ ಬೇಸಿಗೆಯ ಸೂಟಿ ಬಂತು. ಆದೇಶ ಕೈಗೆ ಸಿಕ್ಕಾಗ ಜೂನ್ ಬಂದಿತ್ತು, ಮೋಡ ಕಟ್ಟಿತ್ತು. 'ಸದರಿಯವಳ ನಡತೆ ತೃಪ್ತಿಕರವಾಗಿರುವುದರಿಂದ ಮುಚ್ಚಳಿಕೆಯಿಂದ ಬಿಡುಗಡೆ ಮಾಡಲಾಗಿದೆ.' ನಾನು ಅದನ್ನು ಎರಡು ಸಲ ಓದಿದೆ. ಕಾಗದ ಬಿತ್ತಿಗೆಗೆ ಮೊದಲು ಆಕೆಯ ಕೈ ಸೇರಬೇಕು. ನಾನೇ ಒಯ್ದರೆ ಮತ್ತೆ ನಡತಿ ಸಾಹೇಬ ಬಂದ ಎಂದು ಮಾತು ಎದ್ದೀತು. ಆಕೆಯನ್ನು ಕೋರ್ಟಿಗೆ ಕರೆಸಿದರೂ ಅದೇ. ನಾನು ಆ ಊರಿನಲ್ಲಿ ಇನ್ನು ಕಾಲಿಡಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಕೂತಿತ್ತು. ಆದ್ದರಿಂದ ಕೋರ್ಟಿನ ರೂಢಿಯ ದಾರಿ ಹಿಡಿದೆ. ಪೊಲೀಸ್ ಠಾಣೆಯ ಮುಖಾಂತರ ಕಳಿಸಿದೆ. 'ತುರ್ತು, ಖುದ್ದಾಗಿ ಮುಟ್ಟಿಸುವುದು' ಎಂದು ಕೆಂಪು ಶಾಯಿಯಲ್ಲಿ ನಾನೇ ಬರೆದೆ. ಬಹಳ ನಾಜೂಕಿನ ಕೆಲಸ ಮಾಡಿದೆ ಎಂಬ ಸಮಾಧಾನದಿಂದ ಆ ದಿನ ಎರಡು ಕಪ್ ಚಹಾ ಕುಡಿದೆ.

ಹತ್ತು ದಿನಕ್ಕೆ ಠಾಣೆಯಿಂದ ವರದಿ ಬಂತು. 'ಸದರಿಯವಳು ಸಾವಕಾರರ ಹೊಲದಲ್ಲಿ ಬಿತ್ತುತ್ತಿದ್ದಾಗ ಖುದ್ದು ಭೇಟಿಯಾಗಿ, ಆದೇಶವನ್ನು ಪಂಚರ ಸಮಕ್ಷಮ ಓದಿ ತಿಳಿಸಿ, ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ.' ಬಿತ್ತುತ್ತಿದ್ದಾಗ ಎಂಬ ಶಬ್ದ ಕಂಡು ನನ್ನ ಎದೆ ಹಿಗ್ಗಿತು. ಕರೆದಿದ್ದಾರೆ! ಮೂರು ತಿಂಗಳು ನಾನು ಹೋಗಲಿಲ್ಲ, ಮಾತು ಸತ್ತಿದೆ, ಕರೆದಿದ್ದಾರೆ. ಕಾಗದವನ್ನು ಕಡತಕ್ಕೆ ಹಾಕಲು ಎತ್ತಿಕೊಂಡಾಗ ಉಳಿದ ಸಾಲು ಓದಿದೆ. ಖಾಕಿ ತೊಟ್ಟ ಪೊಲೀಸನೊಬ್ಬ ಹೊಲದ ಬದುವಿನ ಮೇಲೆ ನಿಂತು, ಎತ್ತು ನಿಲ್ಲಿಸಿ, ಕೂರಿಗೆ ಹಿಡಿದವರನ್ನೂ ಸಾವಕಾರರನ್ನೂ ಪಂಚರೆಂದು ಕರೆದು, ಉಡಿಯಲ್ಲಿ ಬೀಜ ಕಟ್ಟಿಕೊಂಡು ನಿಂತ ಹೆಂಗಸಿನ ಎದುರು ಕಳ್ಳತನದ ಪ್ರಕರಣದ ಕಾಗದವನ್ನು ಗಟ್ಟಿಯಾಗಿ ಓದಿದ್ದಾನೆ. ನಾನು ಹೋಗಬಾರದೆಂದು ಪೊಲೀಸನನ್ನು ಕಳಿಸಿದ್ದೆ.

ಅದರ ಮುಂದೆ ಏನಾಯಿತೆಂದು ವಿಚಾರಿಸುವ ದಾರಿ ನನಗಿರಲಿಲ್ಲ. ವಿಚಾರಿಸಿದರೆ ಅದೂ ಮಾತು ಎತ್ತಿದಂತೆಯೇ. ಮರುವರ್ಷ ನನಗೆ ವರ್ಗವಾಯಿತು. ನನ್ನ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ 'ಯಶಸ್ವಿಯಾಗಿ ಮುಕ್ತಾಯ' ಎಂದು ನಾನೇ ಬರೆದದ್ದು ಈಗಲೂ ಎಲ್ಲೋ ಕಪಾಟಿನಲ್ಲಿರಬೇಕು.

ಆಕೆಯನ್ನು ಮತ್ತೆ ಕಂಡದ್ದು ಆ ದಶಕದ ಕೊನೆಗೆ, ಅಣ್ಣಿಗೇರಿಯಲ್ಲಿ. ಬೇರೆ ಯಾರದೋ ವಿಚಾರಣೆಗೆ ಹೋಗಿದ್ದೆ. ಗದಗಿನ ಕಡೆಯಿಂದ ರೈಲು ಬರಲು ಹೊತ್ತಿತ್ತೆಂದು ಕಾಳಿನ ಪೇಟೆಯ ನೆರಳಿನಲ್ಲಿ ನಡೆಯುತ್ತಿದ್ದೆ. ಅಂಗಡಿಯೊಂದರ ಮುಂದೆ ಹೆಣ್ಣುಮಕ್ಕಳು ಸಾಲಾಗಿ ಕೂತು ಕಡಲೆ ಹಸನು ಮಾಡುತ್ತಿದ್ದರು. ಆಕೆ ನನ್ನನ್ನು ನೋಡಿ ಎದ್ದಳು. ಕೂದಲು ಬೆಳ್ಳಗಾಗಿತ್ತು. ನೀರಿನ ಹರವಿಯ ಹತ್ತಿರ ಬಂದು ನಿಂತು, ಆರಾಮ ಇದ್ದೀರಾ, ಮಕ್ಕಳೆಷ್ಟು ಎಂದು ಕೇಳಿದಳು. ಈಗ ಗಂಡನ ಜೊತೆ ಇಲ್ಲಿಯೇ ಇರುವುದಾಗಿ ಹೇಳಿದಳು. ಇಲ್ಲದ ಧೈರ್ಯ ಮಾಡಿ ನಾನು ಕೇಳಿದೆ: ಬಿತ್ತಲು ಊರಿಗೆ ಹೋಗುತ್ತೀಯಾ?

ಆ ದಿನ ಪೊಲೀಸ ಹೋದ ಮೇಲೆ ತಾನೇ ಉಡಿಯ ಬೀಜ ಸುರುವಿ ಮನೆಗೆ ಹೋದೆ ಎಂದಳು. ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಆದರೆ ಊರವರು ಕೆಟ್ಟವರಲ್ಲ ಎಂದಳು.

"ಮರುವರ್ಷ ಸಾವ್ಕಾರ್ರು ತಾವ ಕೇರಿಗೆ ಬಂದು ಕರದ್ರು. ಹೋದ್ನಿ. ನಾಕು ಸಾಲು ಚಲೋ ಬಿದ್ದುವ್ರಿ. ಐದನೇ ಸಾಲಿಗೆ ದೂರ ದಾರಿ ಮ್ಯಾಲ ಸೈಕಲ್ ಹೊಡಕೊಂಡು ಒಬ್ಬಾವ ಬರಾತಿದ್ದ, ಖಾಕಿ ಅಂಗಿ. ಕಾಲು ನಡದುವು, ಕೈ ನಿಂತ್ತು. ಟಪಾಲಿನಾವ ಇದ್ದಾನ್ರಿ ಅವ. ವಾರದಾಗ ಹೆಸರಿನ ಬೆಳಿ ಎದ್ದಿತು, ಆ ಸಾಲಷ್ಟ ಬರಿದು. ಯಾರೂ ಏನೂ ಅನಲಿಲ್ಲ. ಈಗೂ ಕರೀತಾರ್ರಿ. ನಾನ ಒಲ್ಲೆ ಅಂತೀನಿ."

ಅಳು, ಸಿಟ್ಟು ಇಲ್ಲದೆ, ಯಾರದೋ ಹೊಲದ ಸಂಗತಿ ಹೇಳುವಂತೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ತಪ್ಪು ನಿನ್ನದಲ್ಲ ಯವ್ವಾ, ನನ್ನದು, ಆ ಕೇಸಿನ ಕಾಗದ ಕಳಿಸಿದವನು ನಾನೇ ಎಂದು ಶುರುಮಾಡಿದೆ. ದನಿ ಸ್ವಲ್ಪ ಏರಿತ್ತು. ಅಷ್ಟರಲ್ಲಿ ಇಬ್ಬರು ಎಳೆಯ ಹೆಂಗಸರು ತಂಬಿಗೆ ಹಿಡಿದು ನೀರಿಗೆ ಬಂದರು. ಆಕೆ ಗಾಬರಿಯಾಗಿ ನನ್ನ ಹತ್ತಿರಕ್ಕೆ ಸರಿದಳು.

"ಸಾವಕಾಶ್ರಿ ಸಾಹೇಬ್ರ. ನಮ್ಮೂರಿಗೆ ಹೊಸದಾಗಿ ಬಂದ ಸೊಸೇರು, ಇಲ್ಲಿಗೆ ಕೂಲಿಗೆ ಬರ್ತಾರ, ಇವರಿಗೆ ಏನೂ ಗೊತ್ತಿಲ್ಲ. ಮತ್ತ ಮಾತು ಏಳತೈತಿ."

ನಾನು ಬಾಯಿ ಮುಚ್ಚಿದೆ. ಇವರು ಯಾರೆಂದು ಅವರಲ್ಲೊಬ್ಬಳು ಕೇಳಿದಳು. ಸ್ಟೇಶನ್ನಿಗೆ ದಾರಿ ಕೇಳುತ್ತಿದ್ದಾರೆ ಎಂದು ಆಕೆ ಹೇಳಿ, ಕೈಯೆತ್ತಿ ನನಗೆ ದಾರಿ ತೋರಿಸಿದಳು. ನಾನು ತಲೆಯಾಡಿಸಿ ಆ ಕಡೆ ನಡೆದೆ.